‘ಶಾಲೆ ಬಿಡಿಸಿ ಹೊರದೇಶಕ್ಕೆ ಆಡಲು ಕಳಿಸುವುದಾ ಮಾಷ್ಟ್ರೇ?’

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಾನು ಪಿ.ಟಿ. ಮಾಷ್ಟ್ರು. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದಾಗಲೂ ಈ ಪ್ರಶ್ನೆ ಬಂದಿದೆ. ಮಗ ಚೆಂದ ಫುಟ್ಬಾಲ್ ಆಡುತ್ತಾನೆ, ಓದು ಅಷ್ಟಕ್ಕಷ್ಟೆ, ಹೊರದೇಶದ ಕ್ಲಬ್ಬಿಗೆ ಈಗಲೇ ಕಳಿಸಿದರೆ ಹೇಗೆ? ಬೇಡ ಎಂದರೆ ಮರುಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ: "ಮೆಸ್ಸಿ ಹದಿಮೂರಕ್ಕೇ ಹೋದದ್ದಲ್ವಾ?"

ಹೋದದ್ದು ಹೌದು, 2000ದಲ್ಲಿ, ಅರ್ಜೆಂಟೀನಾದ ರೊಸಾರಿಯೋದಿಂದ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿಗೆ. ಆದರೆ ಹುಡುಗನೊಬ್ಬನೇ ಹೋದದ್ದಲ್ಲ, ಅವನ ಹಿಂದೆ ಮನೆಯೇ ಹೋಯಿತು. ಅಲ್ಲಿ ಒಗ್ಗದೆ ತಾಯಿ, ಒಡಹುಟ್ಟಿದವರು ವಾಪಸು ಬಂದ ಮೇಲೂ ಅಪ್ಪ ಮಗನ ಜೊತೆ ಅಲ್ಲೇ ಉಳಿದರು. ನಮ್ಮ ಅಂಗಡಿಬದಿಯ ಕಟೌಟುಗಳಲ್ಲಿ ಆ ಅಪ್ಪ ಕಾಣುವುದಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಮೆಸ್ಸಿ ಹೋದ ಮರುವರ್ಷ, 2001ರಲ್ಲಿ, ಜಗತ್ತಿನ ಫುಟ್ಬಾಲ್ ಸಂಸ್ಥೆ ಫಿಫಾ ನಿಯಮ ಬಿಗಿ ಮಾಡಿತು. 18 ತುಂಬದವರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಸೇರಿಸುವ ಹಾಗಿಲ್ಲ. ವಿನಾಯಿತಿ ಕೆಲವೇ. ಹೆತ್ತವರು ಫುಟ್ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಆಗುತ್ತದೆ. ಯುರೋಪಿನ ಒಕ್ಕೂಟದ ಒಳಗಾದರೆ 16ಕ್ಕೇ ಆಗುತ್ತದೆ. ಮನೆಯೂ ಕ್ಲಬ್ಬೂ ಗಡಿಯ ಆಚೀಚೆ 50 ಕಿಲೋಮೀಟರಿನೊಳಗೆ ಇದ್ದರೂ ಆಗುತ್ತದೆ. (ಇದನ್ನು ಹೇಳಿದಾಗ ತಲಪಾಡಿ ಕಡೆಯವರೊಬ್ಬರು, "ಹಾಗಾದ್ರೆ ನಾವೂ ಗಡಿಯವರೇ ಅಲ್ವಾ" ಅಂದರು. ಅದು ಕರ್ನಾಟಕದ ಗಡಿ ಮಾರಾಯ್ರೇ!) ಇದು ಬರೀ ಕಾಗದದ ನಿಯಮವೂ ಅಲ್ಲ. ಇದನ್ನು ಮುರಿದದ್ದಕ್ಕೆ ಹೊಸ ಆಟಗಾರರನ್ನು ಸೇರಿಸದ ಹಾಗೆ 2014ರಲ್ಲಿ ಬಾರ್ಸಿಲೋನಾಕ್ಕೆ, 2016ರಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಅಟ್ಲೆಟಿಕೊಕ್ಕೆ, 2019ರಲ್ಲಿ ಚೆಲ್ಸಿಗೆ ಫಿಫಾ ನಿಷೇಧ ಹಾಕಿತು. ಅಂಥ ದೊಡ್ಡ ಕ್ಲಬ್ಬುಗಳೇ ಸಿಕ್ಕಿಬಿದ್ದಿರುವಾಗ, ಹದಿನೈದರ ಹುಡುಗನನ್ನು ಯುರೋಪಿನಲ್ಲಿ ಆಡಿಸುತ್ತೇನೆ ಎಂದು ಬರುವ ಏಜೆಂಟಿಗೆ ಒಂದೋ ನಿಯಮ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ.

ಒಬ್ಬ ಏಜೆಂಟನ ಕಾಗದ ನನ್ನ ಕೈಗೇ ಬಂದಿತ್ತು. ರಿಕ್ಷಾ ಓಡಿಸುವ ಒಬ್ಬರು ಸಂಜೆ ಮಗನನ್ನು ಕರಕೊಂಡು ಮನೆಗೆ ಬಂದರು. ಹುಡುಗ ನನ್ನ ಟೀಮಿನವನೇ, ಎಡಗಾಲಿನ ಆಟಗಾರ, ಒಂಬತ್ತನೇ ಕ್ಲಾಸು. ಅಪ್ಪ ಅಂಗಿಯೊಳಗಿಂದ ತೆಗೆದ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದ್ದರು! ಮೇಲೆ ಬಣ್ಣದ ಲಾಂಛನ, ಕೆಳಗೆ ಒಂದು ಸಹಿ. ಹುಡುಗನ ಹೆಸರು ಎರಡು ಕಡೆ ಎರಡು ರೀತಿ. ಕ್ಲಬ್ಬಿನ ಇಮೇಲು ಎಂದು ಕೊಟ್ಟದ್ದು ನಾವು ನೀವು ಇಟ್ಟುಕೊಳ್ಳುವಂಥ ಜಿಮೇಲು. 'ಟ್ರಯಲ್'ಗೆ ಆಯ್ಕೆಯಾಗಿದ್ದಾನೆ, ವೀಸಾ ಖರ್ಚಿಗೆ 85,000 ರೂಪಾಯಿ ಕಟ್ಟಬೇಕು. ಕಟ್ಟಬೇಕಾದ ಖಾತೆ ಕ್ಲಬ್ಬಿನದ್ದಲ್ಲ, ಯಾರೋ ಒಬ್ಬನದ್ದು. ಹೆಂಡತಿಯ ಬಳೆ ಅಡವಿಡಲು ಮರುದಿನ ಬ್ಯಾಂಕಿಗೆ ಹೋಗುವುದೆಂದು ಮಾತಾಗಿತ್ತಂತೆ.

ನಾನು ಪತ್ರವನ್ನು ಹುಡುಗನ ಕೈಗೆ ಕೊಟ್ಟು ಜೋರಾಗಿ ಓದು ಅಂದೆ. ತಡವರಿಸುತ್ತ ಓದಿದ. ಕೊನೆಯ ಸಾಲಿನಲ್ಲಿ 'ನಾನ್ ರಿಫಂಡೆಬಲ್' ಬಂತು.

"ಹಾಗಂದ್ರೆ ಎಂತದು?"

"ಕೊಟ್ಟದ್ದು ವಾಪಸ್ ಬರುದಿಲ್ಲ ಅಂತ."

ಅಪ್ಪನ ಕೈಯಲ್ಲಿದ್ದ ಚಾದ ಗ್ಲಾಸು ಅರ್ಧದಲ್ಲೇ ನಿಂತಿತು. "ನಿಂಗೆ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಶಾಲೆ ಯಾಕೆ ಬೇಕು ಎಂದು ಕೇಳುವವರಿಗೆಲ್ಲ ಈ ಕಥೆ ಹೇಳುತ್ತೇನೆ. ನನಗೆ ಮಾರ್ಕಿನ ಮೇಲೆ ಅಂಥ ಮೋಹವಿಲ್ಲ, ನನ್ನ ಮಾರ್ಕು ನೋಡಿದವರಿಗೆ ಅದು ಗೊತ್ತಾಗುತ್ತದೆ. ಆದರೆ ಆಟವನ್ನೇ ಹೊಟ್ಟೆಪಾಡು ಮಾಡಿಕೊಳ್ಳುವವನ ಮುಂದೆ ಜೀವನವಿಡೀ ಇಂಥ ಕಾಗದಗಳು ಬರುತ್ತವೆ. ಒಪ್ಪಂದ, ವೀಸಾ, ಇನ್ಶೂರೆನ್ಸು, ಮೊಣಕಾಲು ಹೋದರೆ ಸಂಬಳ ಉಂಟೋ ಇಲ್ಲವೋ ಎಂಬ ಸಾಲು. ಅದನ್ನು ಓದುವವರು ಯಾರು? ಏಜೆಂಟನೇ ಓದಿ ಹೇಳುವುದಾದರೆ ಮುಗಿಯಿತು.

ನಮ್ಮಿಂದ ಹೊರಗೆ ಹೋಗಿ ಆಡಿದವರನ್ನು ನೋಡಿ. ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ಬಿಗೆ ಹೋದಾಗ 22 ದಾಟಿತ್ತು. ನಾರ್ವೆಯ ಸ್ಟಾಬೆಕ್ ಸೇರಿದ ಗುರ್‌ಪ್ರೀತ್ ಸಿಂಗ್ ಸಂಧುಗೂ 22. ಸುನಿಲ್ ಛೆಟ್ರಿ 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಹೋದದ್ದು 25ರಲ್ಲಿ. ಇಲ್ಲಿ ಹೆಸರು ಮಾಡಿ, ಗಟ್ಟಿಯಾಗಿ ಹೋದವರು. ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಾಫಿ 2016ರ ಇಂಡಿಯನ್ ಸೂಪರ್ ಲೀಗ್ ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಲ್ಲಿ ಗೋಲು ಹೊಡೆದಾಗ ಇಲ್ಲಿ ಸಿಡಿದ ಪಟಾಕಿ ಕಡಿಮೆಯದ್ದಲ್ಲ. ಆ ಗೋಲಿಗೆ ಕೊಚ್ಚಿಯವರೆಗೆ ಹೋದರೆ ಸಾಕಾಯಿತು.

ಶಾಲೆ ಬಿಟ್ಟೇ ಹೋದವನ ಉದಾಹರಣೆ ಬೇಕೆಂದರೆ ಬಾಸ್ಕೆಟ್‌ಬಾಲಿನಲ್ಲಿದೆ. ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗು ಎನ್‌ಬಿಎಗೆ ಸೇರಲು 19 ಆಗಿರಬೇಕೆಂಬ ನಿಯಮ ಬಂದ ಮೇಲೆ, ಅಮೆರಿಕದ ಜೆರೆಮಿ ಟೈಲರ್ ಎಂಬ ಹುಡುಗ 2009ರಲ್ಲಿ ಹೈಸ್ಕೂಲಿನ ಕೊನೆಯ ವರ್ಷವನ್ನೇ ಬಿಟ್ಟು ಇಸ್ರೇಲಿನ ಹೈಫಾದ ಕ್ಲಬ್ಬು ಸೇರಿದ. ಸಂಬಳ 1,40,000 ಡಾಲರ್ ಎಂದು ಸುದ್ದಿಯಾಗಿತ್ತು. ಸೀಸನ್ ಮುಗಿಯುವ ಮೊದಲೇ ಊರಿಗೆ ವಾಪಸು. ಆಮೇಲೆ ಜಪಾನಿನಲ್ಲಿ ಆಡಿ, 2011ರಲ್ಲಿ ಎನ್‌ಬಿಎಗೂ ಬಂದ, ಹಾಗಾಗಿ ಹಾಳಾಗಿ ಹೋದ ಎನ್ನಲಾರೆ. ಆದರೆ ಶಾಲೆ ಬಿಟ್ಟು ಗಳಿಸಿದ ಆ ವರ್ಷದಲ್ಲಿ ಅವನು ಹೆಚ್ಚಾಗಿ ಬೆಂಚಿನಲ್ಲೇ ಕೂತಿದ್ದ. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ 14ಕ್ಕೇ ಫ್ಲೋರಿಡಾಕ್ಕೆ ಹೋದ, 2015ರಲ್ಲಿ ಡಲ್ಲಾಸ್ ತಂಡ ಅವನನ್ನು ಆರಿಸಿತು. ಅವನು ಹೋದದ್ದು ಪಾಠವೂ ಆಟವೂ ಇರುವ ಅಕಾಡೆಮಿಗೆ. ಶಾಲೆ ಬಿಡಲಿಲ್ಲ, ಬದಲಿಸಿದ.

ಬದಲಿಸುವುದಾದರೆ ನಮಗೂ ದಾರಿ ಉಂಟು: ತಿರುವನಂತಪುರದ ಜಿ.ವಿ. ರಾಜಾ ಸ್ಪೋರ್ಟ್ಸ್ ಸ್ಕೂಲು. ಆದರೆ ನಮ್ಮ ಕಡೆಯ ಪೆರ್ಲದ ಕನ್ನಡ ಮಾಧ್ಯಮದ ಹುಡುಗನಿಗೆ ತಿರುವನಂತಪುರವೇ ಅರ್ಧ ಹೊರದೇಶ. ಹಾಸ್ಟೆಲಿನಲ್ಲಿ ಮೊದಲ ತಿಂಗಳು ಫೋನು ಮಾಡಿ ಅತ್ತವರನ್ನು ನಾನು ಬಲ್ಲೆ. ಅಲ್ಲಿ ನಿಲ್ಲಲಾಗದವನನ್ನು ನಾರ್ವೆಗೆ ಕಳಿಸುವುದು ಹೇಗೆ?

ಇನ್ನು, ನಿಜವಾಗಿ ನನ್ನ ಹುಡುಗರನ್ನು ಶಾಲೆಯಿಂದ ಎಳೆಯುತ್ತಿರುವುದು ಹೊರದೇಶ ಅಲ್ಲ, ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಮಂದಿಯ ಫುಟ್ಬಾಲ್. ಗದ್ದೆ ಕೊಯ್ಲು ಮುಗಿದರೆ ಫ್ಲಡ್‌ಲೈಟು, ಗ್ಯಾಲರಿ, ರಾತ್ರಿಗೊಂದು ಮ್ಯಾಚು, ಕೈಗೆ ನಗದು. ಮರುದಿನ ಮೊದಲ ಪಿರಿಯಡ್ಡಿಗೆ ಬೆಂಚಿನ ಮೇಲೆ ತಲೆ. ಅದೇ ಗ್ರೌಂಡಿನಲ್ಲಿ ನೈಜೀರಿಯಾ, ಘಾನಾ, ಐವರಿ ಕೋಸ್ಟಿನ ಹುಡುಗರೂ ಆಡುತ್ತಾರೆ. ಜನ ಎಲ್ಲರನ್ನೂ 'ಸುಡಾನಿ' ಎಂದೇ ಕರೆಯುತ್ತಾರೆ, ಸುಡಾನಿನವರು ಒಬ್ಬರಿಲ್ಲದಿದ್ದರೂ. ಅವರ ಪಾಲಿಗೆ ಹೊರದೇಶ ಎಂದರೆ ನಮ್ಮೂರು. ಆಟ ಮುಗಿದ ಮೇಲೆ ಆರೇಳು ಮಂದಿ ಒಂದೇ ಕೋಣೆಯಲ್ಲಿ ಮಲಗಿ, ಕಾಲಿಗೆ ಐಸು ಒತ್ತಿಕೊಂಡು, ಊರಿಗೆ ವಿಡಿಯೊ ಕಾಲ್ ಮಾಡುವುದನ್ನು ನೋಡಿದ್ದೇನೆ. ಮಗನನ್ನು ಕಳಿಸಬೇಕೆನ್ನುವ ಅಪ್ಪಂದಿರು ಗ್ಯಾಲರಿಯಿಂದ ಇಳಿದು ಆ ಕೋಣೆಗೂ ಒಮ್ಮೆ ಹೋಗಿ ಬರಲಿ.

ರಿಕ್ಷಾದವರ ವಿಷಯ ಅರ್ಧದಲ್ಲೇ ಬಿಟ್ಟೆ. ಬಳೆ ಉಳಿಯಿತು. ಆದರೂ ಹೊರಡುವಾಗ ಜಗಲಿಯಲ್ಲಿ ನಿಂತು ಕೇಳಿದರು: ಹತ್ತು ಮುಗಿಸುವ ಮೊದಲೇ ನಿಲ್ಲಿಸಿ ಗಲ್ಫಿಗಾದರೂ ಕಳಿಸುವುದಾ, ಅಲ್ಲಿಯೂ ನಮ್ಮವರ ಟೂರ್ನಮೆಂಟು ಉಂಟಲ್ಲ.

"ಹತ್ತು ಪಾಸಾಗದಿದ್ದರೆ ಹದಿನೆಂಟರ ಮೇಲೆ ಪಾಸ್‌ಪೋರ್ಟ್ ಇಸಿಆರ್ ಆಗ್ತದೆ. ಅಂದ್ರೆ ಗಲ್ಫಿಗೆ ಕೆಲಸಕ್ಕೆ ಹೋಗ್ಲಿಕ್ಕೆ ಸರ್ಕಾರದ ಅನುಮತಿ, ಎಮಿಗ್ರೇಷನ್ ಕ್ಲಿಯರೆನ್ಸು ಬೇಕು," ಅಂದೆ.

ಈ ಮಾತು ಮೆಸ್ಸಿ, ಫಿಫಾ ಎಲ್ಲಕ್ಕಿಂತ ಬೇಗ ನಾಟಿತು. ಅವರೇ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ದುಬೈಗೆ ಹೋಗಿ ಬಂದವರು. "ನನ್ನದೂ ಇಸಿಆರೇ ಇದ್ದದ್ದು," ಎಂದು ಮಗನ ಮುಖ ನೋಡಿದರು. ಅವನು ಆಗಲೇ ರಿಕ್ಷಾದಲ್ಲಿ ಕೂತು, ಲ್ಯಾಮಿನೇಶನ್ ಮಾಡಿದ ಪತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದ.