ನೀಲಿ ಹೂವಿನ ಪೋಸ್ಟರ್

ಪ್ಯಾರಿಸ್‌ನಲ್ಲಿರುವ ಗೆಳತಿ ಇವತ್ತು ಒಂದು ಹಳೇ ಪೋಸ್ಟರ್‌ನ ಫೋಟೋ ಕಳಿಸಿದ್ದಳು. ಅಂಚೆಲ್ಲ ಹಳದಿ, ಮಡಿಕೆ ಬಿದ್ದ ಕಡೆ ಬಣ್ಣ ಹೋಗಿದೆ. ಯುದ್ಧದಲ್ಲಿ ನೊಂದವರ ನೆನಪಿಗೆ ಮಾಡಿದ್ದಂತೆ. ಬಂದೂಕು, ಶಿಲುಬೆ, ಅಳುವ ತಾಯಿ ಇರಬಹುದು ಅಂದುಕೊಂಡೆ. ಇದ್ದದ್ದು ಒಂದು ನೀಲಿ ಹೂವು, ಅಷ್ಟೆ. ಬ್ಲೂಯೆ, ಹೊಲದಲ್ಲಿ ಬೆಳೆಯುವ ಕಾರ್ನ್‌ಫ್ಲವರ್‌ಗೆ ಫ್ರೆಂಚ್ ಹೆಸರು.

ಸುಮ್ನೆ ಅದರ ಬಗ್ಗೆ ಓದುತ್ತಾ ಕೂತೆ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಪ್ಯಾರಿಸ್‌ನ ಸೈನಿಕರ ಆಸ್ಪತ್ರೆ ಇನ್ವಲೀದ್‌ನಲ್ಲಿ ಇಬ್ಬರು ನರ್ಸ್‌ಗಳು ಗಾಯಗೊಂಡ ಸೈನಿಕರಿಗೆ ಈ ಹೂ ಮಾಡುವ ಕೆಲಸ ಕೊಟ್ಟರು. ಎಸಳಿಗೆ ಬಟ್ಟೆ. ನಡುವಿನ ಕೇಸರಕ್ಕೆ ನ್ಯೂಸ್ ಪೇಪರ್ ಚೂರು.

ಆ ಪೇಪರ್ ಚೂರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಆ ವರ್ಷದ ಪೇಪರ್ ತುಂಬ ವರ್ಡನ್, ಸೊಮ್ ಕದನಗಳ ಸುದ್ದಿಯೇ ಇದ್ದಿರಬೇಕು, ಅಲ್ವಾ? ಕಾಲು ಕಳೆದುಕೊಂಡ ಹುಡುಗನೊಬ್ಬ ಅದನ್ನೇ ಸಣ್ಣಗೆ ಕತ್ತರಿಸಿ ಹೂವಿನೊಳಗೆ ಸಿಕ್ಕಿಸಿರಬಹುದು. ಓದಿ ಕತ್ತರಿಸಿದನೋ, ಓದದೆಯೋ.

ಸೇನೆಗೆ ಹೊಸದಾಗಿ ಬಂದ ಹುಡುಗರನ್ನೂ ಹಳಬರು ‘ಬ್ಲೂಯೆ’ ಅಂತಲೇ ಕರೆಯುತ್ತಿದ್ದರು. ಅವರ ನೀಲಿ ಯೂನಿಫಾರ್ಮ್ ನೋಡಿ. ಕೆಸರು ಹತ್ತದ ಹೊಸ ನೀಲಿ.

“ನಿನಗೊಂದು ಪ್ರಿಂಟ್ ತರಲಾ? ಹಾಲ್‌ನಲ್ಲಿ ಚೆನ್ನಾಗಿ ಕಾಣುತ್ತೆ” ಅಂತ ಮೆಸೇಜ್ ಬಂದಿದೆ. ಚೆನ್ನಾಗೇನೋ ಕಾಣುತ್ತೆ. ಇನ್ನೂ ಉತ್ತರ ಕೊಟ್ಟಿಲ್ಲ.