ಹೆಸರು ಹೇಳಿ ಕಳಿಸಿದ್ರ ಮುಟ್ಟಂಗಿಲ್ಲ

ಕಾಕಾನ ಒಣದ್ರಾಕ್ಷಿ ತೂಕದ ಲೆಕ್ಕ ತೆಗೆಯೋ ಪರ್ಲ್ ಅನ್ನೋ ಪ್ರೋಗ್ರಾಮಿಂಗ್ ಭಾಷಾದಾಗ ಬರೆದ ನನ್ನ ಹಳೇ ಸ್ಕ್ರಿಪ್ಟ್ ಮೂರು ದಿನದಿಂದ ಖಾಲಿ ಫೈಲ್ ಕೊಡ್ತಿತ್ತು. ಇವತ್ತು ಕಾರಣ ಸಿಕ್ತು.

ಫೈಲ್ ಹ್ಯಾಂಡಲ್‌ನ (ತೆರೆದ ಫೈಲಿನ ಹಿಡಿಕೆ ಇದ್ದಂಗ) ಬರೇ ಹೆಸರನ್ನ ಸಬ್‌ರುಟೀನ್‌ಗೆ (ಒಂದು ಕೆಲಸಕ್ಕಂತ ಬರೆದ ಕೋಡಿನ ತುಣುಕು) ಕಳಿಸಿದ್ದೆ. ಎಲ್ಲಾ ಒಂದೇ ಪ್ಯಾಕೇಜಿನಾಗ (ಹೆಸರುಗಳ ಒಂದು ಓಣಿ ಇದ್ದಂಗ) ಇದ್ದಾಗ ನಡೀತಿತ್ತು. ಸಬ್‌ರುಟೀನ್ ಬ್ಯಾರೆ ಪ್ಯಾಕೇಜ್ ಇರೋ ಮಾಡ್ಯೂಲಿಗೆ (ಬ್ಯಾರೆ ಕೋಡ್ ಫೈಲಿಗೆ) ಹಾಕಿದ ಮ್ಯಾಲೆ ಪರ್ಲ್ ಆ ಹೆಸರನ್ನ ಅಲ್ಲೇ ಹುಡುಕ್ತದ. ನಮ್ಮ ಓಣಿ ಬಸಣ್ಣನ್ನ ಗೋಳಗುಮ್ಮಟದ ಆಚೆ ಹೋಗಿ ಕೇಳಿದಂಗ, ಅಲ್ಲಿ ಯಾರು ತೋರಿಸಬೇಕು? ಇಂಥಾ ಬರೇ ಹೆಸರನ್ನ ಒಪ್ಪದ ‘ಯೂಸ್ ಸ್ಟ್ರಿಕ್ಟ್’ ಅನ್ನೋ ಸಾಲು ಹಾಕಿದ್ರ ಮೊದಲನೇ ದಿನಾನೇ ತಡೀತಿತ್ತು.

ಟೈಪ್‌ಗ್ಲಾಬ್ ರೆಫರೆನ್ಸ್ (ಬರೇ ಹೆಸರಲ್ಲ, ಹ್ಯಾಂಡಲ್ ಇರೋ ಜಾಗಾನೇ ತೋರಿಸೋದು) ಕೊಟ್ಟರೂ ಆಗ್ತದ. ನನಗ ಮಾತ್ರ 2000ದಾಗ ಬಂದ ಪರ್ಲ್ 5.6ರ ಫೈಲ್ ತೆರೆಯೋ ‘ಓಪನ್ ಮೈ’ ರೀತೀನೇ ಛಲೋ ಅನಸ್ತದ: ಹ್ಯಾಂಡಲ್ ಸಾದಾ ವೇರಿಯೇಬಲ್‌ದಾಗ ಕೂಡ್ತದ, ಎಲ್ಲಿಗೆ ಬೇಕಾದ್ರೂ ಕಳಿಸಬಹುದು, ಹಿಡಕೊಂಡವ್ರು ಯಾರೂ ಉಳೀಲಿಲ್ಲ ಅಂದ್ರ ತಾನೇ ಬಂದ್ ಆಗ್ತದ.

“ಲೆಕ್ಕ ಬಂತೇನು?” ಕಾಕಾ ಫೋನ್ ಮಾಡಿದ್ರು.

“ಬಂತ್ರೀ ಕಾಕಾ.”