ಯಾವ ಪಿಚ್ಚರ್‌ ಬಿಜಿಎಂ ಇಷ್ಟ ಅಂತ ಕೇಳುವವರಿಗೆಲ್ಲ

"ಅಣ್ಣಾ, ನಿಮ್ಗೆ ಯಾವ ಪಿಚ್ಚರ್‌ ಬಿಜಿಎಂ ಇಷ್ಟ? ಒಂದೇ ಒಂದು ಹೇಳ್ಬೇಕು." ಚಿಕ್ಕಮಗಳೂರಿನ ಎಂ.ಜಿ. ರೋಡಲ್ಲಿ ಕಾಫಿಗೆ ನಿಂತರೂ ಇದೇ ಪ್ರಶ್ನೆ, ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತರೂ ಇದೇ. ಬಿಜಿಎಂ ಅಂದರೆ ಸಿನಿಮಾದ ಹಿನ್ನೆಲೆ ಸಂಗೀತ. ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದೇ ಇಡುತ್ತೇನೆ.

ಒಂದು ಹೇಳುವುದಿಲ್ಲ, ನಾಲ್ಕು ಹೇಳುತ್ತೇನೆ. 1970ರ ‘ಸಂಸ್ಕಾರ’ಕ್ಕೆ ರಾಜೀವ್ ತಾರಾನಾಥರು ಮಾಡಿದ್ದು, ಆ ಚಿತ್ರ ತೆಗೆದ ಅಗ್ರಹಾರ ಇರುವುದು ನಮ್ಮದೇ ಜಿಲ್ಲೆಯಲ್ಲಿ, ಶೃಂಗೇರಿ ಕಡೆಯ ವೈಕುಂಠಪುರದಲ್ಲಿ. 1977ರ ‘ಘಟಶ್ರಾದ್ಧ’ಕ್ಕೆ ಬಿ.ವಿ. ಕಾರಂತರು ಮಾಡಿ ರಾಷ್ಟ್ರಪ್ರಶಸ್ತಿ ಪಡೆದದ್ದು. 1987ರ ‘ಪುಷ್ಪಕ ವಿಮಾನ’ಕ್ಕೆ ಎಲ್. ವೈದ್ಯನಾಥನ್ ಮಾಡಿದ್ದು. ಹೊಸಬರಲ್ಲಿ, 2015ರ ‘ರಂಗಿತರಂಗ’ಕ್ಕೆ ಅಜನೀಶ್ ಲೋಕನಾಥ್ ಮಾಡಿದ್ದು.

ಇಷ್ಟು ಹೇಳಿದ್ದೇ ತಡ, "ಅದ್ರಲ್ಲಿ ಯಾವ ಹಾಡು?" ಎನ್ನುತ್ತಾರೆ. ಸ್ವಾಮಿ, ಹಾಡಲ್ಲ! ‘ರಂಗಿತರಂಗ’ದ ಹಾಡುಗಳು ಅನೂಪ್ ಭಂಡಾರಿ ಅವರವು, ಹಿನ್ನೆಲೆ ಸಂಗೀತ ಅಜನೀಶ್ ಅವರದು. ಎರಡೂ ಬೇರೆ ಬೇರೆ ಕೆಲಸ. ರಾಷ್ಟ್ರಪ್ರಶಸ್ತಿಯಲ್ಲೂ ಹಾಗೇ: 2009ರ ಚಿತ್ರಗಳಲ್ಲಿ ಹಾಡಿಗೆ ‘ದೇವ್ ಡಿ’ಯ ಅಮಿತ್ ತ್ರಿವೇದಿ ಅವರಿಗೆ ಕೊಟ್ಟರು, ಹಿನ್ನೆಲೆಗೆ ‘ಪಳಸ್ಸಿ ರಾಜ’ದ ಇಳಯರಾಜ ಅವರಿಗೆ ಕೊಟ್ಟರು.

ಹಾಡಲ್ಲ ಎಂದು ಬಿಡಿಸಿ ಹೇಳಿದರೆ ಮುಂದಿನ ಮಾತು ಸಿದ್ಧವಾಗಿರುತ್ತದೆ: "ಓ, ಹೀರೋ ಎಂಟ್ರಿ ಮ್ಯೂಸಿಕ್ಕಾ? ರಿಂಗ್‌ಟೋನ್ ಇದ್ರೆ ಕಳ್ಸಿ." ದೃಶ್ಯದಿಂದ ಮೂವತ್ತು ಸೆಕೆಂಡು ಕತ್ತರಿಸಿ ಫೋನಿಗೆ ಹಾಕಿಕೊಳ್ಳುವುದು, ಸಾರು ಬಿಟ್ಟು ಒಗ್ಗರಣೆಯನ್ನಷ್ಟೇ ಬಾಯಿಗೆ ಹಾಕಿಕೊಂಡ ಹಾಗೆ. ಆ ಸಂಗೀತ ಬರೆಯುವಾಗ ಲೆಕ್ಕ ಹಾಕಿದ್ದು ಎದುರಿಗಿದ್ದ ಚಿತ್ರದ ಜೊತೆ.

ಆ ಲೆಕ್ಕ ನೋಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಲಯ ನಿಮಿಷಕ್ಕೆ 120 ಪೆಟ್ಟು ಇದ್ದರೆ ಪ್ರತಿ ಪೆಟ್ಟು ಸರಿಯಾಗಿ 12 ಫ್ರೇಮಿಗೆ ಬೀಳುತ್ತದೆ. ಬಾಗಿಲು ತೆರೆಯುವ ಫ್ರೇಮಿಗೇ ಪೆಟ್ಟು ಬೀಳಬೇಕು ಅಂದರೆ ಸಂಯೋಜಕರು ಲಯವನ್ನು ಒಂದಿಷ್ಟು ಏರಿಸಿಯೋ ಇಳಿಸಿಯೋ ಅಲ್ಲಿಗೆ ತಂದು ನಿಲ್ಲಿಸುತ್ತಾರೆ. ವಾದ್ಯದವರ ಕಿವಿಯಲ್ಲಿ ಲಯ ತಪ್ಪದಂತೆ ಕಾಯುವ ಕ್ಲಿಕ್ ಟ್ರ್ಯಾಕ್ ಟಿಕ್ ಟಿಕ್ ಅನ್ನುತ್ತಿರುತ್ತದೆ. ರೆಕಾರ್ಡಿಂಗ್ ಎಲ್ಲ ಮುಗಿದ ಮೇಲೆ, ದೃಶ್ಯ ಎಳೆದಂತಿದೆ ಎಂದು ಮೂರು ಸೆಕೆಂಡು ತೆಗೆದರು ಎನ್ನಿ. 72 ಫ್ರೇಮ್ ಹೋಯಿತು, ಅಂದರೆ ಆರು ಪೆಟ್ಟು. ನಾಲ್ಕು ಪೆಟ್ಟಿನ ಆವರ್ತದಲ್ಲಿ ಅದು ಒಂದೂವರೆ. ಸಂಗೀತದ ಮುಂದಿನ ಸಾಲು ಆವರ್ತದ ನಡುವೆ ಬಂದು ಬೀಳುತ್ತದೆ, ಕಿವಿ ಎಡವುತ್ತದೆ. ಎರಡು ಆವರ್ತ, ಅಂದರೆ ನಾಲ್ಕು ಸೆಕೆಂಡು ಪೂರ್ತಿ ತೆಗೆದಿದ್ದರೆ ಲಯವಾದರೂ ಉಳಿಯುತ್ತಿತ್ತು. ಕೆಲವು ಸಿನಿಮಾಗಳಲ್ಲಿ ಸಂಗೀತ ಇದ್ದಕ್ಕಿದ್ದಂತೆ ಹಾರಿದ ಹಾಗೆ ಕೇಳಿಸಿದರೆ ಸಂಯೋಜಕರನ್ನು ಬೈಯುವ ಮುಂಚೆ ಇದನ್ನು ನೆನಪಿಡಿ.

ಸಂಗೀತ ಬೇಕೋ ಬೇಡವೋ ಎನ್ನುವುದೂ ಇದೇ ಲೆಕ್ಕದಲ್ಲಿ ಸೇರಿದೆ. ಹಾಲಿವುಡ್ಡಿನ ‘ಸೈಕೋ’ದ ಬಚ್ಚಲಿನ ಕೊಲೆಗೆ ಸಂಗೀತವೇ ಬೇಡ ಎಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಯೋಜಕ ಬರ್ನಾರ್ಡ್ ಹರ್ಮನ್ ಬರೆದು ಕೇಳಿಸಿದ ಮೇಲೆ ಒಪ್ಪಿದರು. ಬರೀ ತಂತಿವಾದ್ಯ, ಊದುವ ವಾದ್ಯವೂ ಇಲ್ಲ, ಡ್ರಮ್ಮೂ ಇಲ್ಲ. ಅದೇ ಹಿಚ್‌ಕಾಕ್ 1963ರ ‘ದ ಬರ್ಡ್ಸ್’ನಲ್ಲಿ ಸಂಗೀತದ ಹಂಗೇ ಇಲ್ಲದೆ ಹಕ್ಕಿಗಳ ಸದ್ದಿನಲ್ಲೇ ಹೆದರಿಸಿದರು. ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂಬುದನ್ನು ಗಮನಿಸದವರ ಹತ್ತಿರ ‘ಬೆಸ್ಟ್ ಬಿಜಿಎಂ’ ಮಾತಾಡಿ ಏನು ಸುಖ?

"ಹಿನ್ನೆಲೆ ಸಂಗೀತ ಕೇಳೋದು ಹೇಗೆ?" ಅಂತ ಯಾರಾದರೂ ಕೇಳಲಿ, ಕೂರಿಸಿ ಹೇಳುತ್ತೇನೆ. ಯಾರೂ ಕೇಳದಿದ್ದರೂ ಈಗ ಹೇಳುತ್ತೇನೆ.

ಮನೆಯಲ್ಲಿ 5.1 ಸ್ಪೀಕರ್, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ಇದ್ದರೆ ಕೆಲಸ ಸುಲಭ. ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಸಂಗೀತ ಹರಡಿರುವುದು ಎಡ, ಬಲ ಮತ್ತು ಹಿಂದಿನವುಗಳಲ್ಲಿ. ಸ್ಪೀಕರುಗಳನ್ನು ನಡೆಸುವ ಪೆಟ್ಟಿಗೆ, ಅಂದರೆ ರಿಸೀವರ್ ಆಫ್ ಮಾಡಿ, ನಡುವಿನ ಸ್ಪೀಕರಿನ ವೈರು ಬಿಚ್ಚಿ, ವೈರಿನ ಎರಡು ತುದಿ ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ. ತಾಗಿದರೆ ಶಾರ್ಟ್ ಆಗಿ ಆಂಪ್ಲಿಫೈಯರ್ ಕೆಡಬಹುದು. ಆಮೇಲೆ ಆನ್ ಮಾಡಿ. ಮಾತು ಕರಗಿ ಸಂಗೀತ ಮುಂದೆ ಬರುತ್ತದೆ. ಹಾಗಾಗದೆ ಮಾತು ಎಡ-ಬಲದಲ್ಲೇ ಕೇಳುತ್ತಿದೆಯೇ? ಮೆನುವಿನಲ್ಲಿ ‘ಸೆಂಟರ್ ಸ್ಪೀಕರ್ ಇಲ್ಲ’ ಎಂದು ಆಗಿರುತ್ತದೆ. ಆಗ ರಿಸೀವರ್ ತಾನೇ ಮಾತನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ. ‘ಇದೆ’ ಎಂದೇ ಇರಲಿ, ಮೈಕ್ ಇಟ್ಟು ಮಾಡುವ ಆಟೋ ಸೆಟಪ್ ಮತ್ತೆ ಓಡಿಸಬೇಡಿ. ಟಿವಿಯ ಸೌಂಡ್ ಔಟ್‌ಪುಟ್ ಪಿಸಿಎಂ ಸ್ಟೀರಿಯೋಗೆ ಇದ್ದರೆ ರಿಸೀವರಿಗೆ ತಲುಪುವುದೇ ಎರಡು ಚಾನೆಲ್. ಪಾಸ್‌ತ್ರೂ ಅಥವಾ ಬಿಟ್‌ಸ್ಟ್ರೀಮ್‌ಗೆ ಬದಲಿಸಿ. ನೈಟ್ ಮೋಡ್, ಡೈಲಾಗ್ ಬೂಸ್ಟ್ ಎರಡೂ ಆಫ್ ಇರಲಿ. ಅವು ಇರುವುದೇ ಮಾತನ್ನು ಎತ್ತಿ ಹಿಡಿಯುವುದಕ್ಕೆ.

ಹಳೆಯ ಮೋನೋ ಚಿತ್ರಗಳಿಗೆ ಈ ಉಪಾಯ ನಡೆಯುವುದಿಲ್ಲ. ಮಾತು, ಸದ್ದು, ಸಂಗೀತ ಎಲ್ಲ ಒಂದೇ ಧ್ವನಿಪಟ್ಟಿಯಲ್ಲಿರುತ್ತವೆ. ಅದಕ್ಕೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಮಲೆನಾಡಿನ ಆಷಾಢದಲ್ಲಂತೂ ಬೇಕೇ ಬೇಕು. ತಗಡಿನ ಶೀಟಿನ ಮೇಲೆ ಮಳೆ ಸುರಿಯುವಾಗ ಮೆಲ್ಲನೆ ಏರುವ ತಂಬೂರಿ ಶ್ರುತಿ ಎಲ್ಲಿಂದ ಕೇಳಬೇಕು? ಕರೆಂಟ್ ಹೋಗಿ ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ಲಿಫೈಯರ್ ಓಡುತ್ತಿದ್ದರೆ ಗುಂಯ್ ಅನ್ನುವ ಸದ್ದು ಕೆಳಸ್ವರಗಳನ್ನು ನುಂಗುತ್ತದೆ. ಆಗ ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪೇ ಮೇಲು.

ಒಂದು ದೃಶ್ಯವನ್ನು ಮೂರು ಸಲ ಹಾಕಿ. ಮೊದಲು ಸುಮ್ಮನೆ ನೋಡಿ. ಎರಡನೇ ಸಲ ಕಣ್ಣು ಮುಚ್ಚಿ ಕೇಳಿ, ಸಂಗೀತ ಬಂದ ಹೊತ್ತು, ನಿಂತ ಹೊತ್ತು ಗುರುತಿಸಿ. ಮೂರನೇ ಸಲ ಮ್ಯೂಟ್ ಮಾಡಿ ನೋಡಿ, ಆ ಎರಡು ಹೊತ್ತಿಗೆ ಪರದೆಯ ಮೇಲೆ ಏನಾಗುತ್ತಿದೆ ನೋಡಿಕೊಳ್ಳಿ.

ಶುರು ಮಾಡುವುದಾದರೆ ‘ಪುಷ್ಪಕ ವಿಮಾನ’ದಿಂದ ಮಾಡಿ. ಅದರಲ್ಲಿ ಸಂಭಾಷಣೆಯೇ ಇಲ್ಲ, ಹಾಗಾಗಿ ಸಂಗೀತವನ್ನು ಮುಚ್ಚುವ ಮಾತೂ ಇಲ್ಲ. ನಾಯಕನಿಗೆ ದೊಡ್ಡ ಹೋಟೆಲಿನ ಮೌನದಲ್ಲಿ ನಿದ್ದೆ ಹತ್ತುವುದಿಲ್ಲ. ತನ್ನ ಹಳೆಯ ಬಿಡಾರದ ಗದ್ದಲವನ್ನು ಟೇಪಿಗೆ ತುಂಬಿಸಿಕೊಂಡು ಬಂದು ಹಾಕಿಕೊಂಡು ಮಲಗುತ್ತಾನೆ. ಆ ದೃಶ್ಯದ ಆಚೀಚೆ ವೈದ್ಯನಾಥನ್ ಎಲ್ಲೆಲ್ಲಿ ಬಂದು ಎಲ್ಲೆಲ್ಲಿ ಸರಿದು ನಿಂತಿದ್ದಾರೆ ಎಂದು ಗುರುತು ಹಾಕಿಕೊಂಡು ಬನ್ನಿ. ಆಮೇಲೆ ಎಂ.ಜಿ. ರೋಡಲ್ಲಿ ಸಿಕ್ಕಿದರೆ ಕಾಫಿ ನನ್ನದು.